ಕಿಟಕಿಯ ಕಡೆಯ ಎಸಳು

ಆಫೀಸಿನ ಈ ಅಳತೆಯ ಕೋಣೆಯಲ್ಲಿ ಕೆಮ್ಮಿದರೆ ಕೆಮ್ಮು ಹಿಂದಿರುಗಿ ಬರುವುದಿಲ್ಲ, ಬಾಯಿಂದ ಹೊರಟದ್ದು ಸ್ಪಂಜಿನ ಮೊನೆಗಳ ನಡುವೆ ಎಲ್ಲೋ ಹೂತುಹೋಗುತ್ತದೆ, ಎಷ್ಟು ವರ್ಷದಿಂದ ಬಂದು ಹೋಗಿ ಮಾಡುತ್ತಿದ್ದರೂ ಅವಳಿಗೆ ಇದು ಒಗ್ಗಿಲ್ಲ, ಗೋಡೆ, ಸೂರು, ಬಾಗಿಲ ಒಳಮೈ, ಎಲ್ಲ ಕಡೆಯಿಂದಲೂ ಕಪ್ಪು ಸ್ಪಂಜಿನ ಚೂಪುಗಳು ಒಳಕ್ಕೆ ಚಾಚಿವೆ, ಹಲ್ಲೇ ತುಂಬಿದ ಬಾಯೊಳಗೆ ನಿಂತ ಹಾಗೆ, ಆದರೆ ಮೆತ್ತನೆ ಹಲ್ಲು, ಕಚ್ಚದ ಹಲ್ಲು, ರೇಡಾರಿನ ಅಲೆಯಾಗಲಿ ಮನುಷ್ಯರ ಮಾತಾಗಲಿ ಬಂದದ್ದನ್ನು ನುಂಗಿಕೊಂಡು ಸುಮ್ಮನಿರುವುದೇ ಅವುಗಳ ಕೆಲಸ — ಸುಮ್ಮನೆ, ಮನೆಯಲ್ಲಿ ಅಮ್ಮನೂ ಈಗ ಸುಮ್ಮನಿದ್ದಾಳೆ — ಬೇಡ, ಅದು ಆಮೇಲೆ, ಮೊದಲು ಈ ಸ್ಕ್ರೂ, ಡಬ್ಬಿ ನೆಟ್ಟಗೆ ನಿಲ್ಲಬೇಕು, ಕೂದಲೆಳೆಯಷ್ಟು ವಾಲಿದರೂ ಅಳತೆ ಸುಳ್ಳು ಹೇಳುತ್ತದೆ. ಅಂಗೈಯಷ್ಟು ಬಿಳಿ ಪ್ಲಾಸ್ಟಿಕ್ ಡಬ್ಬಿ, ಬೆನ್ನಿಗಂಟಿದ ಗೋಡೆಬಣ್ಣದ ಸಿಪ್ಪೆ ಇನ್ನೂ ಬಿಟ್ಟಿಲ್ಲ, ಬೆಳಿಗ್ಗೆ ಅಮ್ಮನ ಕೋಣೆಯ ಗೋಡೆಯಿಂದ ಕಿತ್ತು, ಅಮ್ಮನದೇ ಹಳೇ ಟವೆಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಪಕ್ಕ ಚೀಲದಲ್ಲಿಟ್ಟು ತಂದಳು, ಕೀಳುವಾಗ ಅಮ್ಮ ಹಾಸಿಗೆಯಿಂದಲೇ ನೋಡುತ್ತಿದ್ದಳು, ಅವಳು ಮಾತ್ರ ಅತ್ತ ತಿರುಗಲಿಲ್ಲ, ಬೆನ್ನಿಗೇ ಕಣ್ಣು ತಾಗಿದ ಹಾಗಾಗುತ್ತಿತ್ತು. ಇದು ಯಾವ ಬ್ಯಾಚಿನದಕ್ಕಾ, ಗೋಡೆ ಸಮೇತ ಕಿತ್ಕೊಂಡು ಬಂದ ಹಾಗಿದೆಯಲ್ಲ, ಅಂದ ಸ್ಪಂಜಪ್ಪ — ಈ ಕೋಣೆಯನ್ನು ನೋಡಿಕೊಳ್ಳುವವನು, ಹಗಲೆಲ್ಲ ಸ್ಪಂಜಿನ ನಡುವೆಯೇ ಇರುತ್ತಾನೆಂದು ಆಫೀಸಿನವರು ಇಟ್ಟ ಹೆಸರು, ಈಗ ಸ್ವಂತ ಹೆಸರು ಹಿಡಿದು ಕರೆದರೆ ಅವನೇ ತಿರುಗುವುದಿಲ್ಲ — ಮನೇದು ಕಣಪ್ಪಾ, ಅಂದಳು, ಅಮ್ಮಾವ್ರ ಕೋಣೇದಾ, ಅಂದ, ಹೂಂ, ಅಂದಳು, ಅವನು ಸ್ಕ್ರೂ ಡ್ರೈವರನ್ನು ಹಿಡಿಯ ಕಡೆ ತಿರುಗಿಸಿ ಅವಳ ಕೈಗೆ ಕೊಟ್ಟ.

ಈ ಡಬ್ಬಿ ಮನೆಗೆ ಬಂದದ್ದೇ ಒಂದು ಬಾಗಿಲಿನ ದೆಸೆಯಿಂದ. ಅಮ್ಮನ ಕೋಣೆಯ ಬಾಗಿಲು ತೆಗೆದರೆ ಕಿರ್ರನ್ನುತ್ತಿತ್ತು, ಎಣ್ಣೆ ಬಿಟ್ಟರೆ ನಾಲ್ಕು ದಿನ ತೆಪ್ಪಗಿದ್ದು ಮತ್ತೆ ಅದೇ ರಾಗ, ಅಮ್ಮನಿಗೆ ಎದೆಯ ತೊಂದರೆ ಇದೆಯೆಂದು ಗೊತ್ತಾದ ಮೇಲೆ ಅವಳಿಗೆ ಗಳಿಗೆಗೊಮ್ಮೆ ಇಣುಕುವ ಚಾಳಿ, ಮಧ್ಯಾಹ್ನ ಅಮ್ಮ ಮಲಗಿದರೆ ಹೊದಿಕೆ ಏರಿಳಿಯುತ್ತಿದೆಯೇ ಎಂದು ನೋಡುವುದು, ಮಗಳು ಹುಟ್ಟಿದ ಹೊಸತರಲ್ಲೂ ಹೀಗೇ, ಮಲಗಿದ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ನಿಂತಿರುತ್ತಿದ್ದಳು, ಆಗ ಅಮ್ಮನೇ ಅಲ್ವಾ ಬೈದದ್ದು, ಉಸಿರಾಡ್ತಿದೆ ಬಿಡೇ, ನೀನು ಸ್ವಲ್ಪ ಉಸಿರಾಡು ಅಂತ. ಈಗ ತನ್ನ ಸರದಿ ಬಂದಾಗ ಅಮ್ಮ ಇನ್ನೂ ಜೋರು, ಬದುಕಿದ್ದೀನಿ ಕಣೇ, ಹೋಗು, ಕಣ್ಣಿಗೆ ನಿದ್ದೆ ಹತ್ತಿತು ಅನ್ನೋಷ್ಟರಲ್ಲಿ ಕಿರ್, ನೀನು ಇಣುಕಿ ಇಣುಕಿನೇ ನನ್ನನ್ನ ಮೇಲಕ್ಕೆ ಕಳಿಸ್ತೀಯ. ಹಾಗಾದರೆ ಬಾಗಿಲು ತೆಗೆಯದೇ ನೋಡ್ತೀನಿ ಇರು, ಅಂದಳು, ಆಫೀಸಿನಲ್ಲಿ ಮಾಡುತ್ತಿದ್ದದ್ದೂ ಅದೇ ಆಗಿತ್ತಲ್ಲ, ಒಬ್ಬರೇ ಮಲಗುವ ವಯಸ್ಸಾದವರಿಗೆಂದು ಅಗ್ಗದ ರೇಡಾರು, ಪರೀಕ್ಷೆಗೆಂದು ಒಂದನ್ನು ಮನೆಗೇ ತಂದು ಮಂಚದ ಎದುರಿನ ಗೋಡೆಗೆ ಅಂಟಿಸಿದಳು, ಅಮ್ಮ ಕನ್ನಡಕ ಏರಿಸಿಕೊಂಡು ಹತ್ತಿರ ಬಂದು, ಅಯ್ಯ, ಇಷ್ಟು ಚಪ್ಪಟೆನಾ, ಇದಕ್ಕೆ ಕಣ್ಣೆಲ್ಲಿ? ಕಣ್ಣಿಲ್ಲಮ್ಮ, ಒಳಗೆ ತಾಮ್ರದ ಚೌಕಗಳಿವೆ, ಅಲೆ ಕಳಿಸುತ್ತೆ, ನಿನಗೆ ತಗಲಿ ವಾಪಸು ಬರುತ್ತೆ, ನಿನ್ನ ಎದೆ ಏರಿಳಿದರೆ ಬರೋ ಅಲೆ ಬದಲಾಗುತ್ತೆ. ಸೀರೆ ಉಡೋವಾಗ? ಅದಕ್ಕೇನೂ ಕಾಣಲ್ಲಮ್ಮ, ಅಲುಗಾಡಿದ್ದು ಗೊತ್ತಾಗುತ್ತೆ, ಅಷ್ಟೇ. ಓಹೋ, ನಿಮ್ಮಪ್ಪನ ಜಾತಿ ಅನ್ನು, ಅವರಿಗೂ ನಾನು ಎದ್ದದ್ದು ಕೂತದ್ದು ಗೊತ್ತಾಗ್ತಿತ್ತು, ಯಾಕೆ ಎದ್ದೆ ಯಾಕೆ ಕೂತೆ ಅಂತ ಮಾತ್ರ ಗೊತ್ತಾಗ್ತಿರಲಿಲ್ಲ. ಅಮ್ಮ ನಕ್ಕಿದ್ದಳು, ಅವಳೂ ನಕ್ಕಿದ್ದಳು, ಅಡುಗೆಮನೆಯಿಂದ ಅವಳ ಗಂಡ ಏನದು ಏನದು ಅಂತ ಲೋಟ ಹಿಡಿದು ಬಂದವನು ತನಗೂ ಸೇರಿಸಿಯೇ ಹೇಳಿದ್ದೆಂದು ತಿಳಿದು ವಾಪಸು ಹೋಗಿದ್ದ.

ಬಾಗಿಲು ಹಾಕ್ಲಾ ಅಕ್ಕಾ, ಅಂದ ಸ್ಪಂಜಪ್ಪ, ಹೊರಗೆ ಬಂದಳು, ದಪ್ಪ ಬಾಗಿಲು ಧಪ್ಪೆನ್ನದೆ ಮುಚ್ಚಿಕೊಂಡಿತು, ಒಳಗೆ ಡಬ್ಬಿಯೊಂದೇ, ತಿರುಗುವ ಪೀಠದ ಮೇಲೆ, ಆ ಕೊನೆಯಲ್ಲಿ ಅದರ ಅಲೆ ಹಿಡಿದು ಅಳೆಯುವ, ತುತ್ತೂರಿಯ ಆಕಾರದ ಉಪಕರಣ. ಬಲದಿಂದ ಶುರು ಮಾಡು, ಮಂಚದ ಬಲಕ್ಕೆ ಬೀರು ಇರೋದು, ನಡುವೆ ಮಂಚ, ಆಮೇಲೆ ಎಡಕ್ಕೆ ಕಿಟಕಿ, ಕಿಟಕಿ ಕಡೆ ಬಂದಾಗ ತೀರಾ ನಿಧಾನ ತಿರುಗಿಸು, ಅಂದಳು, ಮಗಳ ಶಾಲೆಯ ಕೋನಮಾಪಕ ಹಿಡಿದು ಮನೆಯಲ್ಲಿ ಅಳೆದಿಟ್ಟಿದ್ದ ಕೋನಗಳನ್ನು ಹೇಳಿದಳು, ಅವನು ತಲೆಯಾಡಿಸಿ ಪೀಠ ತಿರುಗಿಸಿದ, ಕಂಪ್ಯೂಟರಿನ ಮೇಲೆ ಗೆರೆಯೊಂದು ಎಳೆ ಎಳೆಯಾಗಿ ಹೊರಟಿತು, ಗೆರೆ ಮೇಲೆದ್ದರೆ ಆ ದಿಕ್ಕು ಡಬ್ಬಿಯೊಳಗಿನ ಆಂಟೆನಾಕ್ಕೆ ಚೆನ್ನಾಗಿ ಕಾಣುತ್ತದೆ, ಕುಸಿದರೆ ಕುರುಡು. ಮುಂದಕ್ಕೆ ಒಂದು ದೊಡ್ಡ ಎಸಳು, ಅಕ್ಕಪಕ್ಕ ಸಣ್ಣ ಎಸಳುಗಳು, ಹೂವಿನ ಹಾಗೆ, ದೊಡ್ಡ ಎಸಳು ಮಂಚದ ಮೇಲೆ ಬಿದ್ದಿರಬೇಕು, ಪಕ್ಕದವು ಇದ್ದೂ ಇಲ್ಲದ ಹಾಗಿರಬೇಕು, ಇಲ್ಲದಿದ್ದರೆ ಬೀರುವಿನ ಬಾಗಿಲಾಡಿದರೂ ಅಮ್ಮ ಆಡಿದಳು ಅನ್ನುತ್ತದೆ, ಅದಕ್ಕೇ ಅಲ್ಲವೇ ಇಷ್ಟೆಲ್ಲ ಪಾಡು. ತಾಮ್ರದ ಚೌಕ ಕೂರಿಸಲು ಒಳ್ಳೇ ಬೋರ್ಡು ಕೊಡಿ ಅಂದರೆ ಕತ್ತರಿ ಸಾಹೇಬರು ಕೊಡಲಿಲ್ಲ, ಕತ್ತರಿ ಅಂದರೆ ಅವಳ ಮೇಲಧಿಕಾರಿ, ಎಲ್ಲಿ ಏನು ಕಡಿಮೆ ಮಾಡಬಹುದು ಅಂತ ಕಣ್ಣಲ್ಲೇ ಕತ್ತರಿಸುವವರು, ಮನುಷ್ಯ ಕೆಟ್ಟವರಲ್ಲ, ಅಮ್ಮ ಆಸ್ಪತ್ರೆಯಲ್ಲಿದ್ದಾಗ ಹಣ್ಣು ಹಿಡಿದು ಬಂದಿದ್ದರು, ಆದರೆ ಬೋರ್ಡಿನ ವಿಷಯಕ್ಕೆ, ಏನಮ್ಮಾ, ಮಾಮೂಲಿ ಬೋರ್ಡಲ್ಲೇ ಮಾಡು, ಪಕ್ಕದ ಎರಡು ಸಾಲು ಚೌಕನೂ ತೆಗಿ, ಚಿಕ್ಕದಾದಷ್ಟೂ ಅಗ್ಗ, ಅಗ್ಗ ಆದ್ರೆ ತಾನೇ ನಾಲ್ಕು ಮನೆಗೆ ಹೋಗೋದು, ಅಂದದ್ದು. ಆ ಮಾತೂ ನಿಜವೇ, ದುಬಾರಿ ಮಾಡಿ ಯಾರ ಅಮ್ಮನನ್ನು ಕಾಯುವುದು. ಆದರೆ ಮಾಮೂಲಿ ಬೋರ್ಡು ಅಂದರೆ ಒಂದೊಂದು ಸಲ ಒಂದೊಂದು ಥರ, ಕೊಳ್ಳುವಾಗ ಒಂದಾದರೆ ಒಗೆದ ಮೇಲೆ ಒಂದಾಗುವ ಬಟ್ಟೆಯ ಹಾಗೆ, ಅಲೆಗಳು ಅದರೊಳಗೇ ಅರ್ಧ ಸೊರಗುತ್ತವೆ, ಮೇಲೆ ಎರಡು ಸಾಲು ತೆಗೆದರೆ ಪಕ್ಕದ ಎಸಳುಗಳು ಉಬ್ಬಿಕೊಳ್ಳುತ್ತವೆ, ತಿಂಗಳುಗಟ್ಟಲೆ ಕೂತಳು, ನಡುವಿನ ಚೌಕ ಅಗಲ, ಅಂಚಿಗೆ ಹೋದಂತೆ ಸಪೂರ, ಅಂಚಿಗೆ ಕಡಿಮೆ ಬಲ ಹೋದರೆ ಪಕ್ಕದ ಎಸಳು ಏಳುವುದಿಲ್ಲ, ಒಂದು ಉಗುರಿನ ಅಂಚಿನಷ್ಟು ತಿದ್ದುವುದು, ಮಾಡಿಸಿ ತರುವುದು, ಅಳೆಯುವುದು, ಮತ್ತೆ ತಿದ್ದುವುದು, ಹೆರಿಗೆ ಮಾಡಿಸಿದ ಹಾಗೆ ಮಾಡಿದ್ದೀಯ ಅಂತ ಅವಳ ಗಂಡ ಹೇಳುತ್ತಿದ್ದ, ಕೊನೆಗೆ ಎಸಳು ಅಡಗಿತು, ಅವತ್ತು ಎಷ್ಟು ಹಿಗ್ಗು, ಈಗ — ಈಗ ಅದೇ ಎಸಳು ಏಳಲಿ ಎಂದು ಬೇಡಿಕೊಳ್ಳುತ್ತ ನಿಂತಿದ್ದಾಳೆ, ಏಳಲಿ, ಕಿಟಕಿಯ ಕಡೆ ಮಾತ್ರ, ಸ್ವಲ್ಪ ಎದ್ದರೂ ಸಾಕು, ತಾನು ಮಾಡಿದ್ದು ಹಾಳಾಗಿರಲಿ, ಈ ಒಂದು ಬೋರ್ಡು ಕೆಟ್ಟದ್ದು ಬಂದಿರಲಿ, ಇಷ್ಟಕ್ಕೇ ಯಾರಾದರೂ ಹರಕೆ ಹೊತ್ತಿದ್ದಾರೆಯೇ.

ಬೀರುವಿನ ಕಡೆ ಸಪಾಟಾಗಿ ಬರುತ್ತಿದೆ ಅಕ್ಕಾ, ಅನ್ನುತ್ತಾನೆ ಅವನು, ಬರಲಿ, ಬೀರು ಯಾರಿಗೆ ಬೇಕು. ಅಮ್ಮನಿಗೆ ಹಾಗಾದ ದಿನ ಗಾಳಿಯಿತ್ತು, ಅದು ಖಂಡಿತ, ಅಮ್ಮ ಊಟ ಮಾಡಿ ಕೋಣೆಗೆ ಹೋಗುವಾಗ ಸೆಕೆ ಕಣೇ ಅಂದಳು, ಇವಳೇ ಹೋಗಿ ಕಿಟಕಿ ತೆರೆದಳು, ಪರದೆ ಎಳೆದಳು, ಹಸಿರು ಹೂವಿನ ಬಟ್ಟೆ, ಹಾರದಿರಲೆಂದು ಕೆಳಅಂಚಿಗೆ ಸಣ್ಣ ಕಬ್ಬಿಣದ ಸರಪಳಿ ಸೇರಿಸಿ ತಾನೇ ಹೊಲಿದದ್ದು, ಬಟ್ಟೆ ರೇಡಾರಿಗೆ ಕಾಣುವುದಿಲ್ಲ, ಕಬ್ಬಿಣ ಚೆನ್ನಾಗಿ ಕಾಣುತ್ತದೆ, ಸರಪಳಿ ತೂಗಾಡಿದರೆ ತಪ್ಪದೆ ಕಾಣುತ್ತದೆ, ಎಸಳು ಆ ಕಡೆ ಇದ್ದರೆ — ಇದ್ದರೆ. ಬಾಗಿಲು ಮುಂದಕ್ಕೆ ಮಾಡ್ಕೋ, ನೀನು ಆಫೀಸಿನವರ ಹತ್ರ ಬಡಬಡ ಅನ್ನೋದು ನನಗೆ ಕೇಳ್ಬಾರ್ದು, ಅಂದದ್ದು ಅಮ್ಮ, ಅದೇ ಕೊನೆಯ ಮಾತು, ಇಷ್ಟು ವರ್ಷ ಅಷ್ಟು ಮಾತಾಡಿದವಳ ಕೊನೆಯ ಮಾತು ಬಡಬಡ. ಬಾಗಿಲು ಮುಚ್ಚಿದಳು, ಪಕ್ಕದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂತಳು, ಮೇಜಿನ ಮೇಲೆ ಮೊಬೈಲು, ಮೊಬೈಲಿನಲ್ಲಿ ಹಸಿರು ಚುಕ್ಕೆ, ಹಸಿರು ಅಂದರೆ ಅಲುಗಾಟವಿದೆ, ಉಸಿರಿದೆ, ಎಲ್ಲ ಸರಿ, ಏನೂ ಅಲುಗಾಡದೆ ಹೋದರೆ ಕೆಂಪಾಗಿ ಕೂಗಿಕೊಳ್ಳುತ್ತದೆ, ಕೂಗಿಕೊಳ್ಳಲಿಲ್ಲ, ಇಡೀ ಮಧ್ಯಾಹ್ನ ಹಸಿರು, ಎಷ್ಟು ನೆಮ್ಮದಿಯ ಹಸಿರು, ಒಂದು ಸಲವೂ ಎದ್ದು ಹೋಗಿ ಇಣುಕಲಿಲ್ಲ, ಹಳೆಯ ಚಾಳಿ ಬಿಟ್ಟುಹೋಗಿತ್ತು, ಬಿಟ್ಟದ್ದಕ್ಕೆ ಅಮ್ಮನೇ ಬೆನ್ನು ತಟ್ಟಿದ್ದಳು, ಅಂತೂ ನನ್ನನ್ನ ನಿದ್ದೆ ಮಾಡೋಕೆ ಬಿಟ್ಟೆಯಲ್ಲ ತಾಯಿ ಅಂತ. ಸಂಜೆ ಚಹಾ ಹಿಡಿದು ಹೋಗಿ ಮೊಣಕೈಯಲ್ಲಿ ಬಾಗಿಲು ನೂಕಿದಳು, ಕಿರ್ ಅಂದಿತು, ಅಮ್ಮ ಬೈಯಲಿಲ್ಲ. ಬಾಯಿ ಒಂದು ಕಡೆ ಜಾರಿತ್ತು, ಕಣ್ಣು ತೆರೆದೇ ಇತ್ತು, ಬಲಗೈ ಮೈಕೆಳಗೆ ಸಿಕ್ಕಿಕೊಂಡಿತ್ತು, ಎಡಗೈ ಮಂಚದ ಅಂಚಿನಿಂದಾಚೆ — ಪರದೆ, ಪರದೆ ಹಾರುತ್ತಿತ್ತು, ಅದನ್ನು ಅವಳು ಕಣ್ಣಾರೆ ನೋಡಿದ್ದಾಳೆ, ಸರಪಳಿ ಗೋಡೆಗೆ ಬಡಿದು ಟಿಕ್ ಟಿಕ್ ಅನ್ನುತ್ತಿತ್ತು, ಚಹಾ ಎಲ್ಲಿಟ್ಟಳೋ ನೆನಪಿಲ್ಲ, ಸರಪಳಿಯ ಸದ್ದು ನೆನಪಿದೆ. ಬಲಭಾಗ ಹೋಗಿದೆ, ಮಾತೂ ಹೋಗಿದೆ, ಅಂದರು ಡಾಕ್ಟರು, ಕರ್ಕೊಂಡು ಬರೋದು ತಡ ಆಯ್ತು, ಸ್ವಲ್ಪ ಮುಂಚೆ ಬಂದಿದ್ರೆ, ಅಷ್ಟು ಹೇಳಿ ಅವಳ ಮುಖ ನೋಡಿ ಪೆನ್ನಿನ ಮುಚ್ಚಳ ಹಾಕಿದರು.

ಡಬ್ಬಿ ಆ ಮಧ್ಯಾಹ್ನದ ಅಲುಗಾಟವನ್ನೆಲ್ಲ ಮೊಬೈಲಿಗೆ ಬರೆದಿಟ್ಟಿತ್ತು, ಎಷ್ಟು ಸಲ ನೋಡಿದ್ದಾಳೋ, ಬಟ್ಟೆ ಮಡಿಚುತ್ತ, ಮಗಳಿಗೆ ಜಡೆ ಹಾಕುತ್ತ, ಅಮ್ಮನಿಗೆ ಗಂಜಿ ಕುಡಿಸಿ ಬಾಯೊರೆಸಿ ಬಂದು, ಆರಂಭದಲ್ಲಿ ಉಸಿರಿನ ಸಣ್ಣ ಸಣ್ಣ ಅಲೆ, ನಿದ್ದೆಯದು, ಆಮೇಲೆ ಇದ್ದಕ್ಕಿದ್ದಂತೆ ದೊಡ್ಡ ಅಲೆಗಳು, ಒಂದು ಏರಿಕೆ, ಒಂದು ಇಳಿಕೆ, ಬಿಡುವು, ಮತ್ತೆ ಏರಿಕೆ, ಮೊದಮೊದಲು ಬಿರುಸು, ಬರುಬರುತ್ತ ಕುಗ್ಗುತ್ತ, ಬಿಡುವು ಉದ್ದವಾಗುತ್ತ, ಎಷ್ಟು ದೂರದ್ದೆಂದು ಈ ಅಗ್ಗದ ಡಬ್ಬಿ ಹೇಳುವುದಿಲ್ಲ, ದೂರ ಹೇಳುವುದು ದುಬಾರಿಯದು, ಇದಕ್ಕೆ ಗೊತ್ತಾಗುವುದು ಏನೋ ಆಡಿತು ಅಷ್ಟೇ, ಪರದೆಯೂ ಆಗಬಹುದು. ಪರದೆಯೇ. ಪರದೆಯಾದರೆ ಕಾಯಿಲೆ ಆಂಟೆನಾಕ್ಕೆ, ಕಿಟಕಿಯ ಕಡೆ ಎಸಳೊಂದು ಎದ್ದಿದೆ ಅಂತಾಯಿತು, ಮತ್ತೆರಡು ಸಾಲು ಚೌಕ ಸೇರಿಸಿದರೆ ವಾಸಿ, ಕತ್ತರಿ ಸಾಹೇಬರ ಎದುರು ನಿಂತು, ನೋಡಿ ಸಾರ್ ನಿಮ್ಮ ಉಳಿತಾಯ, ಅನ್ನಬಹುದು, ಅಮ್ಮ ಮಲಗಿದ್ದ ಹಾಗೇ ಏನೂ ತಿಳಿಯದೆ ಪ್ರಜ್ಞೆ ತಪ್ಪಿದ್ದಳು, ಯಾರನ್ನೂ ಕರೆಯಲಿಲ್ಲ, ಕಾಯಲಿಲ್ಲ. ಪರದೆಯಲ್ಲದಿದ್ದರೆ — ಪರದೆಗೆ ದಣಿವಾಗುತ್ತದೆಯೇ, ಯಾಕಾಗಬಾರದು, ಗಾಳಿಯೂ ಇಳಿಯುತ್ತದೆ, ಸಂಜೆಯ ಹೊತ್ತಿಗೆ ಗಾಳಿ ಇಳಿಯುವುದು ಸಹಜ, ಆದರೆ ಬಾಗಿಲು ತೆಗೆದಾಗ ಸರಪಳಿ ಟಿಕ್ ಟಿಕ್, ಜೋರಾಗೇ ಬಡಿಯುತ್ತಿತ್ತು, ಆ ಹೊತ್ತಿನ ಗೆರೆಯಲ್ಲಿ ಏನೂ ಇಲ್ಲ, ಉಸಿರಿನ ಸಣ್ಣ ಅಲೆ ಬಿಟ್ಟು ಏನೂ ಇಲ್ಲ, ಅದು ಬೇರೆ ಮಾತು, ಅದನ್ನು ಈಗ ಯೋಚಿಸಬಾರದು. ಕೇಳಿಬಿಡಬಹುದು, ಅಮ್ಮನಿಗೆ ಎಲ್ಲ ಅರ್ಥವಾಗುತ್ತದೆ, ಹೌದಾದರೆ ಕಣ್ಣು ಮುಚ್ಚುತ್ತಾಳೆ, ಬೇಡವಾದರೆ ಮುಖ ತಿರುಗಿಸುತ್ತಾಳೆ, ನೀರು ಬೇಕಾ, ದೀಪ ಆರಿಸ್ಲಾ, ದಿಂಬು ಎತ್ತರ ಆಯ್ತಾ, ಎಲ್ಲ ಕೇಳುತ್ತಾಳೆ, ಇದೊಂದನ್ನು ಕೇಳುವುದಿಲ್ಲ, ಅವತ್ತು ನಿನಗೆ ಎಚ್ಚರ ಇತ್ತಾ ಅಮ್ಮ. ಮೊನ್ನೆ ಕೂದಲು ಬಾಚುವಾಗ ನಾಲಿಗೆ ತುದಿಗೇ ಬಂದಿತ್ತು, ಅಮ್ಮ ಅವಳ ಮುಖವನ್ನೇ ನೋಡಿದಳು, ಕೇಳು ಅನ್ನುವ ಹಾಗೆ, ಸಿಕ್ಕು ಬಹಳ ಆಗಿದೆಯಲ್ಲಮ್ಮ ಅಂದುಬಿಟ್ಟಳು. ಕೇಳುವ ಧೈರ್ಯವಿಲ್ಲದೆ ಅಳೆಯಲು ಬಂದಿದ್ದಾಳೆ, ಯಂತ್ರವಾದರೆ ಮುಖ ನೋಡುವುದಿಲ್ಲ.

ಈಗ ಮಂಚ ಅಕ್ಕಾ, ಅಂದ, ಗೆರೆ ಗುಡ್ಡದ ಹಾಗೆ ಎದ್ದಿತು, ದುಂಡಗೆ, ತುಂಬಿಕೊಂಡು, ತಾನು ಬಯಸಿದ್ದಂತೆಯೇ ಮಂಚದ ತಲೆಯಿಂದ ಕಾಲಿನವರೆಗೆ ಹೊದಿಕೆ ಹೊದಿಸಿದ ಹಾಗೆ, ಇದರೊಳಗೆ ಅಮ್ಮ ಬೆರಳಾಡಿಸಿದರೂ ಕಾಣುತ್ತದೆ. ಅಲುಗಾಟ ಬಹಳ ಆದ್ರೆ ಏನು ತೋರಿಸ್ಬೇಕು, ಅಂತ ಸಭೆಯಲ್ಲಿ ಪ್ರೋಗ್ರಾಂ ಬರೆಯುವ ಹುಡುಗಿ ಕೇಳಿದ್ದಳು ಹಿಂದೊಮ್ಮೆ, ಕತ್ತರಿ ಸಾಹೇಬರು, ಬಹಳ ಆದ್ರೆ ಇನ್ನೂ ಒಳ್ಳೇದಲ್ವೇನಮ್ಮಾ, ಅಜ್ಜಿ ಡ್ಯಾನ್ಸ್ ಮಾಡ್ತಿದ್ದಾರೆ ಅಂತ ಅರ್ಥ, ಹಸಿರೇ ಇಡು, ಅಂದರು, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗಬಾರದೇಕೆ, ಆಂಟೆನಾ ತನ್ನದು, ಬಣ್ಣ ತನ್ನದಲ್ಲ, ನಿಂತುಹೋಗುವುದನ್ನು ಹಿಡಿಯಬೇಕೆಂದೇ ಎಲ್ಲರ ತಲೆಯಲ್ಲಿ, ಆಡುತ್ತಿರುವವರಿಗೂ ಏನಾದರೂ ಬೇಕಾಗಿರಬಹುದೆಂದು ಇಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವತ್ತಿನ ಮಧ್ಯಾಹ್ನವೂ ಸಭೆಯೇ, ಇದೇ ಆಂಟೆನಾದ ಸಭೆ, ಮನೆಯಿಂದ ಕೂತು ಮಾತಾಡುತ್ತಿದ್ದಳು, ಮಾಮೂಲಿ ಬೋರ್ಡಲ್ಲಿ ಇಷ್ಟು ಸ್ಪಷ್ಟ ಬರುತ್ತೆ ಅಂದ್ರೆ ನಂಬೋಕಾಗಲ್ಲ ಅಂದರು ಕತ್ತರಿ, ಬೇಕಾದ್ರೆ ನೋಡಿ ಸಾರ್, ಅಂತ ಮೊಬೈಲನ್ನು ಎತ್ತಿ ಕ್ಯಾಮೆರಾಕ್ಕೆ ಹಿಡಿದಳು, ಅದನ್ನು ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ, ನೋಡಿ, ಈಗ ಒಳಗೆ ನಮ್ಮಮ್ಮ ಮಲಗಿದ್ದಾರೆ, ಮಗ್ಗುಲು ಹೊರಳ್ತಿದ್ದಾರೆ ಅನ್ಸುತ್ತೆ, ಎಷ್ಟು ಚೆನ್ನಾಗಿ ಹಿಡಿದಿದೆ, ಮೊಬೈಲಿನ ತುಂಬ ದೊಡ್ಡ ಅಲೆ, ಏರಿಕೆ, ಇಳಿಕೆ, ಬಿಡುವು, ಭೇಷ್ ಅಂದರು ಎಲ್ಲರೂ, ಒಬ್ಬ ಚಪ್ಪಾಳೆಯನ್ನೂ ತಟ್ಟಿದ, ಅವಳು ಕೈ ಸೋಲುವವರೆಗೆ ಹಿಡಿದೇ ಇದ್ದಳು, ಮುಖದ ತುಂಬ ನಗು, ಗೋಡೆಯ ಆಚೆ — ಪರದೆ, ದೇವರೇ ಪರದೆಯಾಗಿರಲಿ, ಚಪ್ಪಾಳೆ ತಟ್ಟಿದ್ದು ಪರದೆಗಾಗಿರಲಿ.

ಬಂತಕ್ಕಾ, ಕಿಟಕಿ ಬಂತು, ಅಂದ ಸ್ಪಂಜಪ್ಪ, ಪೀಠವನ್ನು ಮಲಗಿದ ಕೂಸಿನ ಮಗ್ಗುಲು ಹೊರಳಿಸಿದಷ್ಟು ಮೆಲ್ಲಗೆ ತಿರುಗಿಸುತ್ತ, ಗೆರೆ ಗುಡ್ಡ ಇಳಿಯಿತು, ಇಳಿಯಿತು, ಇಳಿದೇ ಇಳಿಯಿತು, ಇನ್ನು ಏಳಬೇಕು, ಇಲ್ಲಿ ಏಳಬೇಕು, ಅಯ್ಯೋ ಪಾತಾಳ ಕಾಣ್ತಿದೆಯಲ್ಲ ಅಕ್ಕಾ, ನೀವು ಎಸಳು ಎದ್ದಿದೆ ಅಂತ ಹೆದರಿದ್ರಿ, ನೋಡಿ, ಇಲ್ಲಿ ಎಸಳಿನ ಸುಳಿವೇ ಇಲ್ಲ, ಕಿಟಕಿ ಕಡೆ ಇದು ಕುರುಡು, ಇಷ್ಟು ಅಗ್ಗದ ಬೋರ್ಡಲ್ಲಿ ಇಷ್ಟು ನೀಟಾಗಿ ಬಂದದ್ದು ನಾನು ನೋಡೇ ಇಲ್ಲ. ಸ್ಕ್ರೂ ಸಡಿಲ ಆಗಿರಬಹುದು, ಇನ್ನೊಂದು ಸಲ ತಿರುಗಿಸು, ಅಂದಳು, ತಿರುಗಿಸಿದ, ಅದೇ, ಡಬ್ಬಿ ತಲೆಕೆಳಗೆ ಹಾಕಿದ್ದೀವೇನೋ, ಇಲ್ಲ ಅಕ್ಕಾ, ಸರಿ ಇದೆ, ಇನ್ನೊಂದು ಸಲ, ಆಯ್ತು ಅಕ್ಕಾ, ಅದೇ ಗೆರೆ ಅದೇ ಗೆರೆಯ ಮೇಲೆ ಬಂದು ಕೂತಿತು, ಹೊಲಿಗೆಯ ಮೇಲೆ ಹೊಲಿಗೆ ಹಾಕಿದಂತೆ, ಅವನು ಅವಳನ್ನು ನೋಡಿ, ಖುಷಿ ಪಡೋ ವಿಷಯ ಅಲ್ವಾ ಅಕ್ಕಾ, ಕೂತ್ಕೊಳ್ಳಿ, ನೀರು ತರ್ಲಾ, ಅಂದ, ಕುರ್ಚಿ ಎಳೆದ, ಕೂತಳೋ ಇಲ್ಲವೋ, ಕಿಟಕಿ ಇಲ್ಲ, ಪರದೆ ಇಲ್ಲ, ಸರಪಳಿ ಇಲ್ಲ, ಒಂದೊಂದೇ ತೆಗೆದರೆ ಕೋಣೆಯಲ್ಲಿ ಉಳಿದದ್ದು ಮಂಚ, ಮಂಚದಲ್ಲಿ ಬಲಭಾಗ ಆಡುವುದಿಲ್ಲ, ಬಾಯಿ ಬರುವುದಿಲ್ಲ, ಆಡುವುದು ಒಂದೇ, ಮಂಚದಾಚೆ ಚಾಚಿಕೊಂಡಿದ್ದದ್ದು, ಅಂಗೈ ಮೇಲಾಗಿ, ಬೆರಳು ಬಿಚ್ಚಿಕೊಂಡು, ಡಬ್ಬಿ ಅಂಟಿಸಿದ ದಿನವೇ ಕೇಳಿದ್ದಳಲ್ಲ ಅಮ್ಮ, ನನಗೇನಾದ್ರೂ ಬೇಕಾದ್ರೆ ಹೇಗೇ ಕರೆಯೋದು, ಬಾಗಿಲು ಬೇರೆ ಹಾಕಿರುತ್ತೆ, ಕೂಗೋಕೆ ಹೋದ್ರೆ ಕೆಮ್ಮು ಬರುತ್ತೆ, ಅವಳು ಡಬ್ಬಿಯ ಮೇಲಿನ ಧೂಳು ಸೆರಗಿನಲ್ಲಿ ಒರೆಸುತ್ತ ಸಲೀಸಾಗಿ ಹೇಳಿದ್ದಳಲ್ಲ, ಕೂಗೋದು ಯಾಕಮ್ಮ, ಇದರ ಕಡೆ ಕೈ ಆಡಿಸು ಸಾಕು, ನನಗೆ ಗೊತ್ತಾಗುತ್ತೆ, ಅಮ್ಮ ನಂಬಿದಳು, ನೀರು ಅಕ್ಕಾ, ಅನ್ನುತ್ತಿದ್ದಾನೆ ಅವನು, ಲೋಟ ಎದುರಿಗಿದೆ, ಹಿಡಿಯಬೇಕು, ಅಮ್ಮನ ಎಡಗೈ, ಗೋಡೆಯ ಕಡೆಗೆ ಏಳುತ್ತದೆ, ಇಳಿಯುತ್ತದೆ, ಬಿಡುವು, ಏಳುತ್ತದೆ, ಹಸಿರು, ಇಳಿಯುತ್ತದೆ, ಬಿಡುವು, ಉದ್ದದ ಬಿಡುವು, ಬೆರಳುಗಳಷ್ಟೇ, ಏಳುತ್ತವೆ